ಎರಡನೇ ಸಭಾಂಗಣದ ಪರದೆಯಲ್ಲಿ ಚಿತ್ರ ಪದೇ ಪದೇ ಮಾಯ: ಕೈಗೆಟಕುವ ಬೇರೆ ಪಿಟಿಝಡ್ ಕ್ಯಾಮೆರಾ ಯಾವುದು?

ಎರಡನೇಪರದೆ: ಮುಖ್ಯ ಸಭಾಂಗಣದ ಕಾರ್ಯಕ್ರಮವನ್ನು ಪಕ್ಕದ ಕಟ್ಟಡದಲ್ಲಿ ಕುಳಿತವರಿಗೂ ನೇರವಾಗಿ ತೋರಿಸಬೇಕೆಂದು ಎನ್‌ಡಿಐ ಎಚ್‌ಎಕ್ಸ್ (ಚಿತ್ರವನ್ನು ಕುಗ್ಗಿಸಿ ನೆಟ್‌ವರ್ಕಿನಲ್ಲಿ ಕಳಿಸುವ ವಿಧಾನ) ಇರುವ, 20 ಪಟ್ಟು ಜೂಮ್‌ನ, ಕಡಿಮೆ ಬೆಲೆಯ ಪಿಟಿಝಡ್ (ದೂರದಿಂದಲೇ ತಿರುಗಿಸಿ ಜೂಮ್ ಮಾಡುವ) ಕ್ಯಾಮೆರಾವೊಂದನ್ನು ಕೊಂಡೆವು. ಮನೆಯಲ್ಲಿ ಎರಡು ದಿನ ಓಡಿಸಿದಾಗ ಯಾವ ತೊಂದರೆಯೂ ಕಾಣಲಿಲ್ಲ. ಸಭಾಂಗಣದ ಗೋಡೆಗೆ ಏರಿಸಿದ ಮೇಲೆ ಮಾತ್ರ ಚಿತ್ರ ನಡುನಡುವೆ ಮಾಯವಾಗಿ, ಸುಮಾರು ಅರ್ಧ ನಿಮಿಷದ ಬಳಿಕ ತಾನಾಗಿಯೇ ಮರಳುತ್ತದೆ. ನಿನ್ನೆ ಮುಖ್ಯ ಭಾಷಣದಲ್ಲೇ ನಾಲ್ಕು ಬಾರಿ ಹೀಗಾಯಿತು. ಮುಂದಿನ ಸಾಲಿನಲ್ಲಿದ್ದವರು ತಿರುಗಿ ನನ್ನನ್ನೇ ನೋಡಿದರು. ಫರ್ಮ್‌ವೇರ್ ಹೊಸದು, ಕೇಬಲ್ ಸರಿಯಾಗಿದೆ. ಇದೇ ಬೆಲೆಯಲ್ಲಿ ನಂಬಬಹುದಾದ ಬೇರೆ ಕ್ಯಾಮೆರಾ ಇದ್ದರೆ ದಯವಿಟ್ಟು ತಿಳಿಸಿ.

ಪ್ಯಾಕೆಟ್‌ಪಾಲ: ಇದು ಖಂಡಿತವಾಗಿ ಸ್ವಿಚ್ಚಿನ ಸಮಸ್ಯೆ. ಎನ್‌ಡಿಐಯನ್ನು ಮಲ್ಟಿಕಾಸ್ಟ್‌ನಲ್ಲಿಟ್ಟು (ಒಂದೇ ಹರಿವು ಹಲವರಿಗೆ), ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ (ಕೇಳಿದ ಪೋರ್ಟಿಗೆ ಮಾತ್ರ ಹರಿವು ಬಿಡುವ ಸೌಲಭ್ಯ) ಆನ್ ಮಾಡದಿದ್ದರೆ ಒಂದು ಪೋರ್ಟಿಗೆ ಬೇಕಾದ ವಿಡಿಯೊ ಎಲ್ಲ ಪೋರ್ಟುಗಳಿಗೂ ಹರಿಯುತ್ತದೆ. ಜೊತೆಗೆ ವಿದ್ಯುತ್ ಉಳಿಸುವ ಗ್ರೀನ್ ಈಥರ್ನೆಟ್ ಸೌಲಭ್ಯವನ್ನೂ ಆಫ್ ಮಾಡಿ.

ಎರಡನೇಪರದೆ: ಯೂನಿಕಾಸ್ಟ್‌ನಲ್ಲೇ (ಒಬ್ಬರಿಗೊಂದು ಹರಿವು) ಇದೆ. ಗ್ರೀನ್ ಈಥರ್ನೆಟ್ ಆಫ್ ಮಾಡಿದೆ. ವ್ಯತ್ಯಾಸವಿಲ್ಲ.

ತಂತಿನಿಷ್ಠ: ನೆಟ್‌ವರ್ಕ್ ನಂಬಿದರೆ ಹೀಗೆಯೇ ಆಗುತ್ತದೆ. ನಮ್ಮಲ್ಲಿ ನಾಲ್ಕು ಕ್ಯಾಮೆರಾಗಳಿದ್ದು, ನಾಲ್ಕೂ ಎಸ್‌ಡಿಐಯಲ್ಲೇ, ಅಂದರೆ ನೆಟ್‌ವರ್ಕ್ ಇಲ್ಲದ ನೇರ ವಿಡಿಯೊ ಕೇಬಲಿನಲ್ಲೇ, ನಡೆಯುತ್ತವೆ. ಪ್ರತಿ ಕೇಬಲಿನ ಎರಡೂ ತುದಿಗೆ ಒಂದೇ ಬಣ್ಣದ ಟೇಪು ಸುತ್ತಿ, ರ‍್ಯಾಕಿನ ಬಾಗಿಲಿಗೆ ನಕ್ಷೆ ಅಂಟಿಸಿದ್ದೇನೆ. ಒಳ್ಳೆಯ ಕೋಆಕ್ಸ್ (ಟಿವಿ ಕೇಬಲಿನಂಥ ತಂತಿ) ಎಳೆದರೆ 70–80 ಮೀಟರಿಗೆ ಚಿಂತೆಯೇ ಇಲ್ಲ.

ಪ್ಯಾಕೆಟ್‌ಪಾಲ: ಅವರು ಕೇಳಿದ್ದು ಎರಡು ಕಟ್ಟಡಗಳ ನಡುವಿನ ಸಂಪರ್ಕದ ಬಗ್ಗೆ. ಅಲ್ಲಿ ತಾಮ್ರದ ಕೋಆಕ್ಸ್ ಎಳೆದು ಸಿಡಿಲಿಗೆ ದಾರಿ ಮಾಡಿಕೊಡುವುದಕ್ಕಿಂತ ಫೈಬರ್ ಲೇಸು. ಸ್ನೂಪಿಂಗ್ ಸೆಟ್ಟಿಂಗಿನ ಚಿತ್ರ ಹಾಕಿ, ನೋಡೋಣ.

ಮಂದಬೆಳಕು: ಸ್ನೂಪಿಂಗ್ ಒಂದಿಷ್ಟು ಬದಿಗಿರಲಿ. ಎರಡನೇಪರದೆಯವರೇ, ಚಿತ್ರ ಮಾಯವಾದಾಗ ಕ್ಯಾಮೆರಾ ಏನು ಮಾಡುತ್ತಿರುತ್ತದೆ? ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತಿದೆ?

ಎರಡನೇಪರದೆ: ಇದನ್ನು ಹೇಳಬೇಕೆಂದು ನನಗೆ ತೋಚಲೇ ಇಲ್ಲ. ಮನೆಯಲ್ಲಿ ಅಡಾಪ್ಟರ್ ಹಾಕಿದ್ದೆ, ಇಲ್ಲಿ ಹಳೆಯ ಪಿಒಇ ಸ್ವಿಚ್ಚಿನಿಂದ ಸುಮಾರು 85 ಮೀಟರ್ ಲ್ಯಾನ್ ಕೇಬಲಿನಲ್ಲೇ ವಿದ್ಯುತ್ ಬರುತ್ತದೆ. ಈಗ ಯೋಚಿಸಿದರೆ, ವೇದಿಕೆಯ ಒಂದು ಪ್ರಿಸೆಟ್‌ನಿಂದ (ಮೊದಲೇ ಉಳಿಸಿಟ್ಟ ನೋಟದಿಂದ) ಇನ್ನೊಂದಕ್ಕೆ ಹೋಗುವಾಗಲೇ ಚಿತ್ರ ಹೋಗುತ್ತದೆ. ಆಮೇಲೆ ಕ್ಯಾಮೆರಾ ತಲೆಯನ್ನು ಎಡದ ಕೊನೆಗೆ, ಬಲದ ಕೊನೆಗೆ ತಿರುಗಿಸಿ, ಒಮ್ಮೆ ಮೇಲೆ ಕೆಳಗೆ ನೋಡಿ ನಡುವೆ ಬಂದು ನಿಲ್ಲುತ್ತದೆ.

ಮಂದಬೆಳಕು: ಹಾಗೆ ತಲೆ ಆಡಿಸುವುದೆಂದರೆ ಅದು ರೀಸ್ಟಾರ್ಟ್ ಆಗುತ್ತಿದೆ. ಪಿಒಇಯ ಹಳೆಯ ಮಾನಕವಾದ 802.3ಎಎಫ್‌ನ ಪೋರ್ಟ್ 15.4 ವಾಟ್ ಕೊಡುತ್ತದೆ. ಕೇಬಲಿನಲ್ಲಿ ಆಗುವ ನಷ್ಟ ಕಳೆದು ಉಪಕರಣಕ್ಕೆ ಖಾತರಿಯಾಗಿ ಸಿಗುವುದು 12.95 ವಾಟ್ ಮಾತ್ರ. ಸುಮ್ಮನೆ ನಿಂತಾಗ ಇಷ್ಟು ಸಾಲುತ್ತದೆ, ಆದರೆ ಪ್ಯಾನ್, ಟಿಲ್ಟ್, ಜೂಮ್ ಮೂರರ ಮೋಟಾರುಗಳೂ ಒಟ್ಟಿಗೆ ಎದ್ದಾಗ ಸಾಲದೆ ಕ್ಯಾಮೆರಾ ಬೀಳುತ್ತದೆ. ಅದರ ನಂತರದ 802.3ಎಟಿ ಆದರೆ ಪೋರ್ಟಿನಲ್ಲಿ 30 ವಾಟ್ ಇರುತ್ತದೆ. ಕೇಬಲಿನ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದರ ರೋಧ ಹೆಚ್ಚು.

ಪ್ಯಾಕೆಟ್‌ಪಾಲ: ಇರಬಹುದು. ಆದರೂ ಸ್ನೂಪಿಂಗ್ ನೋಡದೆ ತೀರ್ಮಾನಿಸುವುದು ಸರಿಯಲ್ಲ.

ಎರಡನೇಪರದೆ: ಕೆರೆದೆ, ಒಳಗೆ ಬೆಳ್ಳಗಿದೆ. ಎಕ್ಸ್‌ಟೆನ್ಷನ್ ಎಳೆದು ಕ್ಯಾಮೆರಾದ ಪಕ್ಕದಲ್ಲೇ ಅಡಾಪ್ಟರ್ ಹಾಕಿ, ಒಂದು ಗಂಟೆ ಪ್ರಿಸೆಟ್ ಬದಲಿಸುತ್ತಲೇ ಇದ್ದೆ, ಒಮ್ಮೆಯೂ ಬೀಳಲಿಲ್ಲ. ಹಾಗಾಗಿ ಕ್ಯಾಮೆರಾವನ್ನು ಸದ್ಯಕ್ಕೆ ಮರಳಿಸುವುದಿಲ್ಲ. ಸಭಾಂಗಣದ ಹಿಂಬದಿಗೆ ಎರಡನೆಯದನ್ನು ಕೊಳ್ಳುವಾಗ 12 ಪಟ್ಟು ಜೂಮ್ ಸಾಕೇ? ವೇದಿಕೆಗೆ ಸುಮಾರು 30 ಮೀಟರ್ ದೂರವಿದೆ.

ಮಂದಬೆಳಕು: ಸಾಲದು. ಈ ವರ್ಗದ 12 ಪಟ್ಟಿನ ಲೆನ್ಸು ಪೂರ್ತಿ ಎಳೆದಾಗ ಸಾಮಾನ್ಯವಾಗಿ 7 ಡಿಗ್ರಿ ನೋಡುತ್ತದೆ, ಅಂದರೆ 30 ಮೀಟರಿನಲ್ಲಿ ಮೂರೂವರೆ ಮೀಟರಿಗಿಂತ ಅಗಲದ ಚಿತ್ರ. ಭಾಷಣಕಾರರು ಅಡಿಯಿಂದ ಮುಡಿಯವರೆಗೆ ಕಾಣುತ್ತಾರೆ, ಮುಖಭಾವ ಕಾಣದು. 20 ಪಟ್ಟಿನದು ಮೂರು ಡಿಗ್ರಿಯ ಹತ್ತಿರ ಬರುತ್ತದೆ. ಡಿಜಿಟಲ್ ಜೂಮನ್ನು ಲೆಕ್ಕಕ್ಕೇ ಹಿಡಿಯಬೇಡಿ.

ತಂತಿನಿಷ್ಠ: ಎಸ್‌ಡಿಐ ಔಟ್‌ಪುಟ್ ಕೂಡ ಇರುವುದನ್ನೇ ಆರಿಸಿ.

ಎರಡನೇಪರದೆ: ಆಗಲಿ. ಇನ್ನೊಂದು ತೊಂದರೆ ಈಗ ಎದ್ದು ಕಾಣುತ್ತಿದೆ: ಆ ಕಟ್ಟಡದಲ್ಲಿ ಮಾತು ಮೊದಲು ಕೇಳಿ, ತುಟಿ ಆಮೇಲೆ ಆಡುತ್ತದೆ. ಧ್ವನಿ ಮಿಕ್ಸರಿನಿಂದ ಬೇರೆ ತಂತಿಯಲ್ಲಿ ಹೋಗುತ್ತಿದೆ.

ಪ್ಯಾಕೆಟ್‌ಪಾಲ: ಸ್ನೂಪಿಂಗ್‌ಗೆ ಬೇಕಾದ ಐಜಿಎಂಪಿ ಕ್ವೆರಿಯರ್ ಆನ್ ಇದೆಯೇ?

ಮಂದಬೆಳಕು: ಎಚ್‌ಎಕ್ಸ್ ಚಿತ್ರವನ್ನು ಕುಗ್ಗಿಸಿ ಬಿಡಿಸುವಷ್ಟರಲ್ಲಿ ತಡವಾಗುತ್ತದೆ, ತಂತಿಯ ಧ್ವನಿ ಕಾಯುವುದಿಲ್ಲ. ಮಿಕ್ಸರಿನ ಔಟ್‌ಪುಟ್ಟನ್ನು ಕ್ಯಾಮೆರಾದ ಆಡಿಯೊ ಇನ್‌ಪುಟ್ಟಿಗೇ ಕೊಟ್ಟರೆ ಎರಡೂ ಜೊತೆಯಾಗಿ ಬರುತ್ತವೆ. ಆ ಕಿಂಡಿ ನಿಮ್ಮ ಕ್ಯಾಮೆರಾದಲ್ಲಿ ಇದೆಯೇ?

ಎರಡನೇಪರದೆ: ಹಿಂಬದಿಯಲ್ಲಿ 3.5 ಮಿ.ಮೀ. ಕಿಂಡಿಯೊಂದಿದೆ, ಹೆಡ್‌ಫೋನಿನದೆಂದು ತಿಳಿದಿದ್ದೆ. ಏಣಿ ಸಿಕ್ಕ ಮೇಲೆ ನೋಡಿ ಬರೆಯುತ್ತೇನೆ.