ಹೆಂಡತಿಗೆ ಈಗಷ್ಟೇ ಪೌರತ್ವ ಸಿಕ್ಕಿದೆ, ವೋಟರ್ ಲಿಸ್ಟಿಗೆ ಸೇರಿಸುವುದು ಹೇಗೆ?

ಬನಶಂಕರಿ ಭಾವ:
ನನ್ನ ಹೆಂಡತಿ ಹುಟ್ಟಿದ್ದು ಶ್ರೀಲಂಕಾದ ಕ್ಯಾಂಡಿಯಲ್ಲಿ. ಮದುವೆಯಾದ ಮೇಲೆ 12 ವರ್ಷದಿಂದ ಬನಶಂಕರಿಯಲ್ಲೇ ಇದ್ದೇವೆ. ಸೊಪ್ಪಿನವರ ಹತ್ತಿರ ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾಳೆ. ಭಾರತೀಯರನ್ನು ಮದುವೆಯಾದವರು 7 ವರ್ಷ ಇಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದಲ್ವಾ, ಹಾಗೆ ಹಾಕಿ, ಕಾದು ಕಾದು, ಹೋದ ತಿಂಗಳು ಸರ್ಟಿಫಿಕೇಟ್ ಕೈಗೆ ಬಂತು. ಇಷ್ಟು ವರ್ಷ ಎಲೆಕ್ಷನ್ ದಿನ ಬೂತಿನ ಗೇಟಿನಲ್ಲಿ ನನ್ನ ಮೊಬೈಲ್ ಹಿಡಿದುಕೊಂಡು ನಿಲ್ಲುವುದೇ ಅವಳ ಕೆಲಸವಾಗಿತ್ತು. ಈಗ ತಾನೂ ಒಳಗೆ ಬರಬೇಕು ಅಂತಾಳೆ.

ಹೊಸ ಹೆಸರು ಸೇರಿಸುವ ಫಾರಂ 6 ತುಂಬಿಕೊಂಡು ಹೋದೆ. ಕೌಂಟರಿನಲ್ಲಿದ್ದವರು ನೋಡಿ, "ಕ್ಯಾಂಡಿ ಯಾವ ಜಿಲ್ಲೆಗೆ ಬರುತ್ತೆ ಸಾರ್?" ಅಂದರು. ಹೇಳಿದ ಮೇಲೆ, "ಹಾಗಾದ್ರೆ ಜನವರಿ 1 ಆದ್ಮೇಲೆ ಬನ್ನಿ" ಅಂತ ವಾಪಸ್ ಕಳಿಸಿದರು. ನಿಜವಾಗಿಯೂ ಕಾಯಬೇಕಾ?

ಹಳೇ ಗುಮಾಸ್ತ:
ಬೇಡ ಸಾರ್. ಜನವರಿ 1 ಅನ್ನುವುದು 18 ತುಂಬಿತಾ ಅಂತ ನೋಡುವ ತಾರೀಖು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಸೇರಿವೆ. ನಿಮ್ಮ ಮನೆಯವರಿಗೂ ಅದಕ್ಕೂ ಏನು ಸಂಬಂಧ? ವರ್ಷವಿಡೀ ಅರ್ಜಿ ಕೊಡಬಹುದು, ಫೀಸೂ ಇಲ್ಲ. ಆದರೆ ಚುನಾವಣೆ ಘೋಷಣೆಯಾದ ಮೇಲೆ ಓಡಬೇಡಿ. ನಾಮಪತ್ರದ ಕೊನೆಯ ದಿನ ಕಳೆದರೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ.

ಫಾರಂ ಜೊತೆ ಪೌರತ್ವದ ಸರ್ಟಿಫಿಕೇಟಿನ ಜೆರಾಕ್ಸ್ ಇಡಿ, ಒರಿಜಿನಲ್ ಕೈಯಲ್ಲಿರಲಿ. ಆಧಾರ್ ವಯಸ್ಸಿಗೂ ವಿಳಾಸಕ್ಕೂ ನಡೆಯುತ್ತೆ, ಪೌರತ್ವಕ್ಕೆ ಮಾತ್ರ ಅಲ್ಲ. ಇಲ್ಲೇ ತುಂಬಾ ಜನ ಎಡವುವುದು. ಕುಟುಂಬದವರೊಬ್ಬರ ಎಪಿಕ್ (ವೋಟರ್ ಐಡಿ) ನಂಬರ್ ಕೇಳುವ ಕಡೆ ನಿಮ್ಮದು ಬರೆಯಿರಿ. ಕೊಟ್ಟಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ. ಸುಮ್ನೆ ವಾಪಸ್ ಕಳಿಸಿದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಜಯನಗರ 4ನೇ ಬ್ಲಾಕ್:
ನಮ್ಮ ಚಿಕ್ಕಮ್ಮ ಅಮೆರಿಕದ ಪ್ರಜೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದೆ, ಈಗ ಇಲ್ಲೇ ಇದ್ದಾರೆ. ಅವರೂ ಹಾಕಬಹುದಾ?

ಹಳೇ ಗುಮಾಸ್ತ:
ಇಲ್ಲಮ್ಮ. ಒಸಿಐ ಅಂದ್ರೆ ಪೌರತ್ವವಲ್ಲ, ವೋಟಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿ ಹೆಸರು ಸೇರಿಸಿದರೆ 1 ವರ್ಷದವರೆಗೆ ಜೈಲಾಗಬಹುದು. ಚಿಕ್ಕಮ್ಮನಿಗೆ ಈಗಲೇ ಹೇಳಿಬಿಡಿ.

ಬನಶಂಕರಿ ಭಾವ:
ಥ್ಯಾಂಕ್ಸ್ ಸಾರ್. ಸರ್ಟಿಫಿಕೇಟ್ ಜೊತೆ ಕೊಟ್ಟೆ, ಈ ಸಲ ತೆಗೆದುಕೊಂಡರು. ನಿನ್ನೆ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮೇಡಂ ಮನೆಗೆ ಬಂದು ಒರಿಜಿನಲ್ ನೋಡಿಕೊಂಡು ಹೋದರು. ಇವಳು ಅವರಿಗೆ ಕಾಫಿ ಕೊಟ್ಟು ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಿಸಿದಳು. ಮುಂದಿನ ಎಲೆಕ್ಷನ್ನಿಗೆ ಮೊಬೈಲ್ ಯಾರ ಕೈಗೆ ಕೊಡುವುದು ಅಂತ ಯೋಚನೆ ಶುರುವಾಗಿದೆ.