"ಹಿಡಿದು ಬಿಟ್ರು" ಅಂದ್ರೆ ಯಾವ ಅರ್ಥ? ಶಾರ್ಕ್ ಗಾಳದ ಪದಗಳ ಬಗ್ಗೆ

ಎಲ್ರಿಗೂ ನಮಸ್ಕಾರ,

ಫ್ಲೋರಿಡಾದ ಕಡಲತೀರದಲ್ಲಿ ಶಾರ್ಕಿಗೆ ಗಾಳ ಹಾಕೋರ ಬಗ್ಗೆ ಇಲ್ಲಿ ಬೆಳೀತಿರೋ ಕನ್ನಡ ಮಕ್ಕಳಿಗೆ ಅಂತ ಒಂದು ಲೇಖನ ಬರೀತಿದೀನಿ, ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು. ಇಲ್ಲಿ ತುಂಬಾ ಜನ ಶಾರ್ಕ್ ಹಿಡಿಯೋದು ತಿನ್ನೋಕಲ್ಲ, ಮಾರೋಕೂ ಅಲ್ಲ. ದಡದ ಹತ್ರ ಎಳ್ಕೊಂಡು ಬಂದು, ಗಾಳ ಬಿಡಿಸಿ, ಮತ್ತೆ ನೀರಿಗೆ ಕಳಿಸ್ತಾರೆ. ಇಲ್ಲಿಯವರು ಕ್ಯಾಚ್ ಅಂಡ್ ರಿಲೀಸ್ ಅಂತಾರಲ್ಲ, ಅದು. ಆದ್ರೆ "ಶಾರ್ಕ್ ಹಿಡಿದು ಬಿಟ್ರು" ಅಂತ ಬರೆದ್ರೆ ಓದೋರಿಗೆ ತಲುಪೋದು ಪೂರ್ತಿ ಉಲ್ಟಾ ಅರ್ಥ. ತಿಂದುಬಿಟ್ಟ, ಬಿದ್ದುಬಿಟ್ಟ, ಕೊಂದುಬಿಟ್ಟ ಇದ್ದಂಗೆ ಹಿಡಿದುಬಿಟ್ರು ಅಂದ್ರೆ ಹಿಡಿದಿದ್ದಾಯ್ತು, ಮುಗೀತು ಅಂತ. ನಡುವೆ ಜಾಗ ಬಿಟ್ಟು ಬರೆದ್ರೂ ಪ್ರಯೋಜನ ಇಲ್ಲ, ಜೋರಾಗಿ ಓದಿದಾಗ ಎರಡೂ ಒಂದೇ ಥರ ಕೇಳುತ್ತೆ. "ಬಿಡುಗಡೆ" ಅಂದ್ರೆ ಜೈಲು, ಸಿನಿಮಾ ನೆನಪಾಗುತ್ತೆ. ಸದ್ಯಕ್ಕೆ ನಾನು "ಹಿಡಿದು ನೀರಿಗೆ ಬಿಡೋದು" ಅಂತ ಇಟ್ಕೊಂಡಿದೀನಿ, ಆ "ನೀರಿಗೆ" ಒಂದು ಸೇರಿದ್ರೆ ಗೊಂದಲ ಹೋಗುತ್ತೆ. ಇದಕ್ಕಿಂತ ಚಿಕ್ಕದು ಇದ್ರೆ ಹೇಳಿ.

ಇಷ್ಟು ಕೂದಲು ಸೀಳೋದು ಯಾಕೆ ಅಂದ್ರೆ ಬಿಟ್ಟಿದ್ದೆಲ್ಲ ಬದುಕಲ್ಲ. ಗ್ರೇಟ್ ಹ್ಯಾಮರ್‌ಹೆಡ್ ಅನ್ನೋ ಸುತ್ತಿಗೆ ತಲೆಯ ಶಾರ್ಕ್ ಗಾಳಕ್ಕೆ ಬಿದ್ರೆ ಮೈಯಲ್ಲಿರೋ ಶಕ್ತಿ ಎಲ್ಲಾ ಖಾಲಿ ಆಗೋವರೆಗೂ ಎಳೆದಾಡುತ್ತೆ, ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರಿಬಿಡುತ್ತೆ, ದಡದಲ್ಲಿ ಫೋಟೋ ತೆಗೆಸ್ಕೊಂಡು ಬಿಟ್ಟಾಗ ಈಜ್ಕೊಂಡು ಹೋದಂಗೆ ಕಂಡ್ರೂ ಆಮೇಲೆ ಸಾಯೋದುಂಟು. ಫ್ಲೋರಿಡಾದ ನೀರಲ್ಲಿ 2012ರಿಂದ ಇದನ್ನ ಹಿಡಿದು ಇಟ್ಕೊಳ್ಳೋ ಹಾಗಿಲ್ಲ. 2019ರ ಜುಲೈ 1ರಿಂದ ದಡದಲ್ಲಿ ನಿಂತು ಶಾರ್ಕಿಗೆ ಗಾಳ ಹಾಕೋರಿಗೆ ಬೇರೆ ಪರ್ಮಿಟ್ಟೇ ಬೇಕು, ದುಡ್ಡು ಕೊಡಬೇಕಾಗಿಲ್ಲ ಆದ್ರೆ ಅದಕ್ಕೆ ಮುಂಚೆ ಆನ್‌ಲೈನಲ್ಲಿ ಪಾಠ ಮುಗಿಸ್ಬೇಕು, ಮತ್ತೆ ನಿಷೇಧಿತ ಜಾತಿಯನ್ನ ನೀರಿಂದ ಮೇಲೆ ಎಳೀದೆ ಅಲ್ಲೇ ಬಿಡಬೇಕು. ಹಂಗಾಗಿ "ಬಿಟ್ರು" ಅನ್ನೋದು ಬೇರೆ, "ಬದುಕೋ ಹಾಗೆ ಬಿಟ್ರು" ಅನ್ನೋದು ಬೇರೆ. ಮಕ್ಕಳಿಗೆ ಈ ಎರಡರ ನಡುವಿನ ವ್ಯತ್ಯಾಸ ಪದದಲ್ಲೇ ಗೊತ್ತಾಗ್ಬೇಕು ಅನ್ನೋದು ನನ್ನ ಆಸೆ.

ಇನ್ನು ಸರ್ಕಲ್ ಹುಕ್. ಇದರ ಮೊನೆ ಒಳಗಡೆ ಬಾಗಿರುತ್ತೆ, ಮೀನು ನುಂಗಿದ್ರೂ ಹೊಟ್ಟೇಲಿ ಚುಚ್ಕೊಳ್ಳದೆ ಹೆಚ್ಚಾಗಿ ಕಟವಾಯಿಗೆ ಬಂದು ಸಿಗುತ್ತೆ. ಸ್ಟೇನ್‌ಲೆಸ್ ಇರಬಾರ್ದು ಅಂತ ನಿಯಮ, ಬಾಯಲ್ಲೇ ಉಳಿದ್ರೂ ತುಕ್ಕು ಹಿಡಿದು ಹೋಗ್ಲಿ ಅಂತ. "ದುಂಡು ಗಾಳ" ಅಂತ ಬರೆದಿದೀನಿ, "ವೃತ್ತಾಕಾರದ ಕೊಕ್ಕೆ" ನನಗೆ ಹಿಡಿಸ್ಲಿಲ್ಲ. ರಿಕ್ರಿಯೇಷನಲ್ ಅನ್ನೋದಕ್ಕೆ "ಹವ್ಯಾಸಿ" ಸಾಕು ಅನ್ಸುತ್ತೆ, ಹವ್ಯಾಸಿ ಯಕ್ಷಗಾನ ತಂಡ ಅಂತೀವಲ್ಲ, ಹೊಟ್ಟೆಪಾಡಿಗಲ್ಲದೆ ಪ್ರೀತಿಗೆ ಮಾಡೋದು. "ಮನರಂಜನಾ ಮೀನುಗಾರಿಕೆ" ಅಂತ ಸರ್ಕಾರಿ ಕನ್ನಡದಲ್ಲಿ ಬರಿಯೋದು ಬೇಡ, ಮೀನಿನ ನೋವನ್ನ ಮನರಂಜನೆ ಅನ್ನೋಕೆ ನನಗೆ ಮನಸ್ಸು ಒಪ್ಪಲ್ಲ.

ಶಾರ್ಕಿಗೇ ಏನನ್ನೋಣ? ಕರಾವಳಿಯಲ್ಲಿ ತಾಟೆ ಅಂತ ಚೆನ್ನಾಗಿರೋ ಪದ ಇದೆ, ಬಾಣಂತಿಗೆ ತಾಟೆ ಸಾರು ಮಾಡಿಕೊಡ್ತಾರೆ. ಕೊಂಕಣಿಯಲ್ಲಿ ಮೋರಿ, ಮಲಯಾಳದಲ್ಲಿ ಸ್ರಾವ್, ತಮಿಳಲ್ಲಿ ಸುರಾ. ದಯವಿಟ್ಟು ತಿಮಿಂಗಿಲ ಮಾತ್ರ ಬೇಡ, ಅದು ಮೇಲೆ ಬಂದು ಉಸಿರಾಡೋ, ಮರಿಗೆ ಹಾಲೂಡಿಸೋ ಪ್ರಾಣಿ, ಶಾರ್ಕ್ ಕಿವಿರಿರೋ ಮೀನು. ಲೇಖನದಲ್ಲಿ ಬರೋ ಶಾರ್ಕ್ ಜಾತಿಗಳಿಗೂ ಹೆಸರು ಬೇಕು. ಚಳಿಗಾಲದಲ್ಲಿ, ಜನವರಿಯಿಂದ ಮಾರ್ಚ್ ಒಳಗೆ, ಪಾಮ್ ಬೀಚ್ ಕಡೆ ಸಾವಿರಾರು ಬ್ಲ್ಯಾಕ್‌ಟಿಪ್‌ಗಳು (ರೆಕ್ಕೆ ತುದಿ ಕಪ್ಪಗಿರೋ ಶಾರ್ಕ್) ದಡಕ್ಕೆ ತೀರಾ ಹತ್ರ ಹಿಂಡು ಕಟ್ಟುತ್ವೆ, ವಿಮಾನದಿಂದ ನೋಡಿದ್ರೆ ಕಪ್ಪು ಕಪ್ಪಾಗಿ ಕಾಣುತ್ವೆ. ನೀರು ಬೆಚ್ಚಗಾದಂಗೆ ಉತ್ತರಕ್ಕೆ ಜಾರ್ಜಿಯಾ, ಕ್ಯಾರೊಲಿನಾ ಕಡೆ ಹೊರಟು ಹೋಗುತ್ವೆ. ಆ ಕಡೆ ಫ್ಲೋರಿಡಾದ ಪಶ್ಚಿಮ ತೀರದ ಬೋಕಾ ಗ್ರಾಂಡೆಯಲ್ಲಿ ಬೇಸಿಗೆ ಶುರುವಾಗೋವಾಗ ಟಾರ್ಪನ್ ಮೀನು ಸೇರುತ್ವೆ, ಅದನ್ನ ತಿನ್ನೋಕೆ ಹ್ಯಾಮರ್‌ಹೆಡ್ ಬರುತ್ವೆ. ಇದೇ ಬ್ಲ್ಯಾಕ್‌ಟಿಪ್ ಜಾತಿ ನಮ್ಮ ಅರಬ್ಬಿ ಸಮುದ್ರದಲ್ಲೂ ಇದೆ, ಅದಕ್ಕೇ "ಕರಿತುದಿ ತಾಟೆ" ಅಂತ ಧೈರ್ಯವಾಗಿ ಬರೀಬಹುದು ಅನ್ಸುತ್ತೆ.

ಕೊನೇದು ಚಮ್. ಮೀನು ಅರೆದು ರಕ್ತದ ಸಮೇತ ನೀರಿಗೆ ಸುರಿದು ವಾಸನೆಗೆ ಶಾರ್ಕನ್ನ ಕರೆಯೋದು, ಫ್ಲೋರಿಡಾದಲ್ಲಿ ಬೀಚಿಂದ ಇದನ್ನ ಮಾಡೋ ಹಾಗಿಲ್ಲ. ಗಾಳಕ್ಕೆ ಸಿಕ್ಸೋದು ಎರೆ (ಎರೆಹುಳು ಅನ್ನೋದ್ರಲ್ಲಿರೋ ಎರೆ ಅದೇ), ಆದ್ರೆ ಗಾಳ ಇಲ್ದೆ ಸುಮ್ನೆ ಸುರಿಯೋದಕ್ಕೆ? ಕಾರವಾರ, ಭಟ್ಕಳ, ಮಲ್ಪೆ ಕಡೆ ದೋಣಿಗೆ ಹೋಗೋರ ಬಾಯಲ್ಲಿ ಇದಕ್ಕೊಂದು ಪದ ಇದ್ದೇ ಇರುತ್ತೆ, ಸುತ್ತಿಗೆ ತಲೆಯ ತಾಟೆಗೂ ಇರುತ್ತೆ. ಅಪ್ಪಯ್ಯ, ಅಜ್ಜ, ಮಾವ ಯಾರಾದ್ರೂ ಕಡಲಿಗೆ ಹೋಗ್ತಿದ್ರೆ ಅವ್ರನ್ನ ಕೇಳಿ, ಅವ್ರು ಹೇಳಿದ ಹಂಗೇ, ಊರಿನ ಹೆಸರು ಸೇರಿಸಿ ಬರೀರಿ.