ಚಿಕ್ಕಪ್ಪ ಚಿಕ್ಕಮ್ಮ ದೋಣಿಗೆ ಬರೋ ವಿಚಾರ (ಉದ್ದ ಇದೆ, ಪೂರ್ತಿ ಕೇಳಿ)

ತಂಗೀ, ನೀನು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ವಾಯ್ಸ್ ಮೆಸೇಜು ಈಗ ಪೂರ್ತಿ ಕೇಳಿದೆ. ಜನವರಿ ಕೊನೇಲಿ ಚಿಕ್ಕಪ್ಪ, ಚಿಕ್ಕಮ್ಮ (ಅಂದ್ರೆ ನಿನ್ನ ಅಪ್ಪ ಅಮ್ಮ), ನಿನ್ನ ನಾದಿನಿ, ಅವಳ ಆರು ವರ್ಷದ ಮಗ ಬರ್ತಿದಾರೆ, ಹತ್ತು ದಿನ ನಿಮ್ಮ ಹಾಯಿದೋಣೀಲೇ ಇರ್ತಾರೆ, ಮಲೇಷ್ಯಾದ ಲಂಕಾವೀಲಿ ಹತ್ತಿಸ್ಕೊಂಡು ದ್ವೀಪ ದ್ವೀಪ ತೋರಿಸ್ತಾ ಥಾಯ್ಲೆಂಡಿನ ಪುಕೆಟ್‌ನಲ್ಲಿ ಇಳಿಸಿದ್ರೆ ಹೇಗೆ ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಚಿಕ್ಕಪ್ಪಾ, ಚಿಕ್ಕಮ್ಮಾ, ನೀವೂ ಕೇಳಿಸ್ಕೊಳ್ಳಿ, ಅರ್ಧ ನಿಮಗೇ ಹೇಳೋದು.

ಮೊದಲನೇದು, ಲಂಕಾವಿ ಕೈಬಿಡು. ಅಲ್ಲಿಂದ ಪುಕೆಟ್‌ಗೆ ಹೆಚ್ಚುಕಮ್ಮಿ 120 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿ ಲೆಕ್ಕ ಹಾಕಿದ್ರೂ ಬರೀ ಓಟವೇ 24 ಗಂಟೆ ಆಯ್ತು. ಆ ತಿಂಗಳು ಈಶಾನ್ಯದ ಗಾಳಿ, ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡೇ ಓಡುತ್ತೆ, ವಯಸ್ಸಾದವರಿಗೆ ಅದು ಹಿಂಸೆ. ಮೇಲೆ ಕಾಗದಪತ್ರ: ಮಲೇಷ್ಯಾದಲ್ಲಿ ಹೊರಡೋ ಮುದ್ರೆ, ಥಾಯ್ಲೆಂಡ್‌ನಲ್ಲಿ ಒಳಬರೋ ಮುದ್ರೆ, ಎರಡೂ ಕಡೆ ಕ್ರೂ ಪಟ್ಟೀಲಿ ಎಲ್ಲರ ಹೆಸರು. ವಿಮಾನದ ಕೌಂಟರ್‌ನಲ್ಲಿ "ವಾಪಸ್ ಟಿಕೆಟ್ ಎಲ್ಲಿ" ಅಂತ ಕೇಳಿದಾಗ "ದೋಣೀಲಿ ಹೋಗ್ತೀವಿ" ಅಂದ್ರೆ ಒಪ್ಪಿಸೋದು ಕಷ್ಟ. ಮನೆಯವರು ಬಂದಾಗ ಗಡಿ ದಾಟೋದೇ ಬೇಡ. ಪುಕೆಟ್‌ಗೆ ಬಂದು ಪುಕೆಟ್‌ನಿಂದಲೇ ಹೊರಡಲಿ. ವೀಸಾ ನಿಯಮ ಆಗಾಗ ಬದಲಾಗುತ್ತೆ, ಟಿಕೆಟ್ ತಗೊಳ್ಳೋ ಮುಂಚೆ ರಾಯಭಾರ ಕಚೇರಿ ಪುಟ ನೋಡ್ಕೊಳ್ಳಿ. ಡಿಜಿಟಲ್ ಆಗಮನ ಕಾರ್ಡನ್ನ ಇಳಿಯೋ ಮೂರು ದಿನದೊಳಗೆ ಆನ್‌ಲೈನ್ ತುಂಬಬೇಕು. ಅದು ಪುಕ್ಕಟೆ, ದುಡ್ಡು ಕೇಳೋ ಪುಟ ಕಂಡ್ರೆ ಮುಚ್ಚಿಬಿಡಿ.

ದೋಣಿಯವರಲ್ಲಿ ಒಂದು ಮಾತಿದೆ: ತಾರೀಖು ಹೇಳಿದ್ರೆ ಜಾಗ ಕೇಳಬೇಡ, ಜಾಗ ಹೇಳಿದ್ರೆ ತಾರೀಖು ಕೇಳಬೇಡ. ನಿಮ್ಮದು ತಾರೀಖು ಗಟ್ಟಿ. ಹಾಗಾಗಿ ವಿಮಾನ ಇಳಿಯೋಕೆ ಮೂರು ದಿನ ಮುಂಚೆ ದೋಣಿ ಮರೀನಾ (ದೋಣಿಗಳನ್ನ ಹಗ್ಗ ಕಟ್ಟಿ ನಿಲ್ಲಿಸೋ ಜಾಗ) ಸೇರಿರಬೇಕು, ವಾಪಸ್ ವಿಮಾನಕ್ಕೆ ಎರಡು ರಾತ್ರಿ ಮುಂಚೆ ಮತ್ತೆ ಅಲ್ಲೇ ಇರಬೇಕು. ವಿಮಾನ ಹಿಡಿಯೋ ಅವಸರದಲ್ಲಿ ಕೆಟ್ಟ ಹವೆಗೆ ಹೊರಡೋದೇ ದೊಡ್ಡ ಅಪಾಯ. ದ್ವೀಪದ ದಕ್ಷಿಣದ ಚಲೋಂಗ್‌ಗಿಂತ ಈಶಾನ್ಯದ ಆವೊ ಪೊ ಕಡೆ ಮರೀನಾ ಹಿಡಿ. ವಿಮಾನ ನಿಲ್ದಾಣ ಉತ್ತರದ ತುದೀಲಿದೆ, ಚಲೋಂಗ್‌ನಿಂದ ಆ ಟ್ರಾಫಿಕ್‌ನಲ್ಲಿ ಒಂದು ಗಂಟೆಗೂ ಮೇಲೆ. ಮೊದಲ ರಾತ್ರಿ ದೋಣಿ ಹಗ್ಗ ಕಟ್ಟಿ ನಿಂತಿರುವಾಗಲೇ ಮಲಗಲಿ, ಟಾಯ್ಲೆಟ್ಟು, ಏಣಿ, ಸೆಕೆ ಎಲ್ಲಾ ಅಲ್ಲೇ ಅಭ್ಯಾಸ ಆಗಲಿ.

ಸುತ್ತೋಕೆ ಪುಕೆಟ್ ಪಕ್ಕದ ಪಾಂಗ್ ನ್ಗಾ ಕೊಲ್ಲಿ ಒಂದೇ ಸಾಕು. ಮೂರೂ ಕಡೆ ನೆಲ, ದೊಡ್ಡ ಅಲೆ ಒಳಗೆ ಬರಲ್ಲ, ತಳ ಕೆಸರು, ಲಂಗರು ಚೆನ್ನಾಗಿ ಕಚ್ಚುತ್ತೆ. ಕೊ ಪನಕ್, ಕೊ ಹಾಂಗ್, ಕೊ ಯಾವೊ ನೋಯ್ (ಕೊ ಅಂದ್ರೆ ದ್ವೀಪ), ಆಮೇಲೆ ರೈಲೇ ಅನ್ನೋ ಕಡಲತೀರ, ಹೀಗೆ ಒಂದೊಂದು ನೆಗೆತ ಎರಡು ಮೂರು ಗಂಟೆ ಮೀರದ ಹಾಗೆ. ಒಂದು ದಿನ ಓಟ, ಒಂದು ದಿನ ಸುಮ್ಮನೆ ನಿಲ್ಲೋದು. ಫಿಫಿ ದ್ವೀಪಕ್ಕೆ ದೋಣೀಲಿ ಬೇಡ, ಅಲ್ಲಿ ಸ್ಪೀಡ್‌ಬೋಟ್ ಎಬ್ಬಿಸೋ ಅಲೆಗೆ ಹಗಲೆಲ್ಲಾ ಕುಲುಕಾಟ. ನೋಡ್ಲೇಬೇಕು ಅಂದ್ರೆ ಫೆರೀಲಿ ಹೋಗಿಬರಲಿ. ಸಮುದ್ರದಲ್ಲಿ ನಿಂತಿರೋ ಕೊ ತಾಪು ಅನ್ನೋ ಬಂಡೆಗಂಬದ ಹತ್ತಿರ ದೋಣಿ ಬಿಡಲ್ಲ, ದಡದಿಂದಲೇ ನೋಡಬೇಕು. ಪ್ರವಾಸಿ ದೋಣಿಗಳು ಬರೋ ಮುಂಚೆ, ಬೆಳಿಗ್ಗೆ ಎಂಟಕ್ಕೇ ಹೋಗಿ. ರೈಲೇ ಪಕ್ಕದ ಫ್ರಾ ನಾಂಗ್ ಗುಹೆ ಚಿಕ್ಕಮ್ಮನಿಗೆ ಖಂಡಿತ ತೋರಿಸು, ಮೀನುಗಾರರು ಹರಕೆ ಒಪ್ಪಿಸೋ ಜಾಗ ಅದು.

ಇಲ್ಲಿ ಪಂಚಾಂಗ ತೆಗಿ. ಅಮಾವಾಸ್ಯೆ, ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ಅಲ್ಲಿ ಭರತ ಇಳಿತದ ವ್ಯತ್ಯಾಸ ಎರಡೂವರೆ ಮೀಟರ್ ಮುಟ್ಟುತ್ತೆ. ಅಷ್ಟಮಿ ನವಮಿ ಕಳೆದ ಮೇಲೆ ಒಂದು ಮೀಟರ್ ಆಸುಪಾಸು. ಇಳಿತದಲ್ಲಿ ಆ ತೀರಗಳು ನೂರಾರು ಮೀಟರ್ ಒಣಗಿ ಕೆಸರೋ ಹವಳದ ಕಲ್ಲೋ ಆಗಿರುತ್ತೆ, ಚಿಕ್ಕಪ್ಪನ ಮಂಡಿಗೆ ಅದರ ಮೇಲೆ ನಡೆಯೋದು ಆಗದ ಮಾತು. ದಡಕ್ಕೆ ಇಳಿಯೋ ದಿನಗಳನ್ನ ಭರತದ ಹೊತ್ತಿಗೆ ಹೊಂದಿಸು. ಹಾಂಗ್ ಅಂತಾರಲ್ಲ, ಬಂಡೆಯೊಳಗಿನ ಕೊಳ, ಅದಕ್ಕೆ ಕಯಾಕ್‌ನಲ್ಲಿ ನುಗ್ಗೋಕೆ ನಡುವಿನ ಮಟ್ಟ ಬೇಕು. ನೀರು ಪೂರ್ತಿ ಏರಿದ್ರೆ ಗುಹೆಯ ಚಾವಣಿ ತಲೆಗೆ ತಾಕುತ್ತೆ, ಒಳಗಿರುವಾಗಲೇ ಏರಿಬಿಟ್ರೆ ಹೊರಗೆ ಬರೋಕೂ ಆಗಲ್ಲ. ಮಗು ಜೊತೆ ಹೋಗೋವಾಗ ಉಬ್ಬರದ ಕೋಷ್ಟಕ ಕೈಯಲ್ಲೇ ಇರಲಿ.

ಈಗ ನೀರು. ಜಗಳ ಆಗೋದು ಇಲ್ಲೇ. ನಿಮ್ಮಿಬ್ಬರಿಗೆ 400 ಲೀಟರ್ ಟ್ಯಾಂಕು ಎರಡು ವಾರ ಬರುತ್ತೆ ಅಂದ್ಕೋ. ಆರು ಜನ, ತಲೆಗೆ 20 ಲೀಟರ್ ಅಂದ್ರೂ ದಿನಕ್ಕೆ 120, ಮೂರು ದಿನಕ್ಕೆ ಖಾಲಿ. ವಾಟರ್‌ಮೇಕರ್ (ಸಮುದ್ರದ ನೀರನ್ನ ಸಿಹಿ ಮಾಡೋ ಯಂತ್ರ) ಇದೆಯಲ್ಲ ಅಂತ ನಂಬ್ಕೋಬೇಡ. ಆ ಕೊಲ್ಲೀಲಿ ಕಾಂಡ್ಲಾ ಕಾಡಿನ ಹೂಳು ತೇಲ್ತಾ ಇರುತ್ತೆ, 5 ಮೈಕ್ರಾನ್ ಫಿಲ್ಟರ್ ಬೇಗ ಕಟ್ಟಿಕೊಂಡು ಒತ್ತಡ ಬೀಳುತ್ತೆ. ಮರೀನಾದಲ್ಲೇ ಪೂರ್ತಿ ತುಂಬಿಸ್ಕೊಂಡು ಹೊರಡು, ದಕ್ಷಿಣದ ತಿಳಿನೀರಿಗೆ ಹೋದಾಗ ಮಾತ್ರ ಮೇಕರ್ ಓಡಿಸು, 20 ಮತ್ತು 5 ಮೈಕ್ರಾನ್ ಫಿಲ್ಟರ್ ನಾಲ್ಕು ನಾಲ್ಕು ಹೆಚ್ಚಿಗೆ ಇಟ್ಕೋ. ಎರಡು ಟ್ಯಾಂಕ್ ಇದ್ರೆ ಒಂದರ ವಾಲ್ವ್ ಮುಚ್ಚಿಡು. ಯಾರಾದ್ರೂ ನಲ್ಲಿ ಸರಿಯಾಗಿ ತಿರುಗಿಸದೆ ಬಿಟ್ರೆ ಪ್ರೆಶರ್ ಪಂಪು ರಾತ್ರಿಯೆಲ್ಲಾ ಓಡಿ ಟ್ಯಾಂಕು ಖಾಲಿ ಮಾಡುತ್ತೆ, ಆಗ ಇನ್ನೊಂದಾದ್ರೂ ಉಳಿದಿರುತ್ತೆ.

ಸ್ನಾನಕ್ಕೆ ಶವರ್ ಬೇಡ. ಗಿಡಕ್ಕೆ ಔಷಧಿ ಹೊಡೆಯೋ 5 ಲೀಟರ್ ಕೈಪಂಪು ಹೊಸದು ತಗೋ, ಬಿಸಿಲಲ್ಲಿಟ್ರೆ ಬೆಚ್ಚಗೂ ಆಗುತ್ತೆ. ಸಮುದ್ರದಲ್ಲಿ ಮುಳುಗಿ, ಶಾಂಪೂ ಹಾಕಿ ಉಜ್ಜಿ (ಸೋಪು ಉಪ್ಪುನೀರಲ್ಲಿ ನೊರೆ ಬರಲ್ಲ, ಶಾಂಪೂ ಬರುತ್ತೆ), ಮತ್ತೆ ಮುಳುಗಿ, ಕೊನೆಗೆ ಸಿಹಿನೀರು ಮೂರು ಲೀಟರ್. ಚಿಕ್ಕಮ್ಮಾ, ನೀವು ನೀರಿಗಿಳಿಯಲ್ಲ ಅಂದ್ರೆ ಅರ್ಧ ಬಕೆಟ್ ಮತ್ತು ಚೊಂಬು, ಅದು ಶವರ್‌ಗಿಂತ ಎಷ್ಟೋ ಮೇಲು. ಪಾತ್ರೆ ಮೊದಲು ಸಮುದ್ರದ ನೀರಲ್ಲಿ ತೊಳೆದು ಕೊನೇ ಸಲ ಮಾತ್ರ ಸಿಹಿನೀರು. ಕುಡಿಯೋದ್ರಲ್ಲಿ ಮಾತ್ರ ಜಿಪುಣತನ ಬೇಡ, ತಲೆಗೆ ಮೂರು ಲೀಟರ್ ಬೇರೆ ಬಾಟಲೀಲೇ ಇಟ್ಟುಬಿಡು. ಟಾಯ್ಲೆಟ್‌ಗೆ ಪದೇ ಪದೇ ಹೋಗಬೇಕಲ್ಲ ಅಂತ ಹಿರಿಯರು ನೀರು ಕುಡಿಯೋದೇ ಕಡಿಮೆ ಮಾಡ್ತಾರೆ, ಆ ಸೆಕೇಲಿ ಅದು ಅಪಾಯ.

ಟಾಯ್ಲೆಟ್ ಬಗ್ಗೆ ಸಂಕೋಚ ಬಿಟ್ಟು ಹೇಳ್ಬೇಕು. ಬಂದ ದಿನವೇ ಒಬ್ಬೊಬ್ಬರನ್ನೂ ಕರೆದು ಕೈಯಲ್ಲಿ ಮಾಡಿಸಿ ತೋರಿಸು. ಲಿವರ್ ನೀರಿನ ಕಡೆ, ಐದು ಸಲ ಪಂಪು. ಬಳಸಿದ ಮೇಲೆ ಹದಿನೈದು ಸಲ. ಲಿವರ್ ಒಣ ಕಡೆ ತಿರುಗಿಸಿ ಬೋಗುಣಿ ಖಾಲಿ ಆಗೋ ತನಕ ಪಂಪು. ಲಿವರ್ ಒಣ ಕಡೆಯೇ ಬಿಟ್ಟು ಬರಬೇಕು. ನೀರಿನ ಕಡೆ ಮರೆತು ಬಂದ್ರೆ, ಬೋಗುಣಿ ಸಮುದ್ರದ ಮಟ್ಟಕ್ಕಿಂತ ಕೆಳಗಿದ್ರೆ, ನೀರು ತಾನೇ ಎಳೆದುಕೊಂಡು ಒಳಗೆ ತುಂಬುತ್ತೆ. ಈ ನಾಲ್ಕು ಸಾಲನ್ನ ಕನ್ನಡದಲ್ಲಿ ಬರೆದು ಬಾಗಿಲ ಒಳಗೆ ಅಂಟಿಸು. ನಮ್ಮವರು ಪೇಪರ್ ಬಳಸದೇ ಇರೋದು ಒಳ್ಳೇದೇ, ಆದ್ರೆ ಒದ್ದೆ ವೈಪ್ಸು, ಪ್ಯಾಡು, ಬಾಚಿದ ಕೂದಲು ಒಂದೂ ಒಳಗೆ ಹೋಗಬಾರದು. ಜೋಕರ್ ವಾಲ್ವ್‌ಗೆ (ಹೊರಗೆ ಹೋದದ್ದು ವಾಪಸ್ ಬರದ ಹಾಗೆ ತಡೆಯೋ ರಬ್ಬರ್ ವಾಲ್ವ್) ಕೂದಲು ಸುತ್ತಿಕೊಂಡ್ರೆ ನಿನ್ನ ಗಂಡ ಅರ್ಧ ದಿನ ಅದನ್ನೇ ಬಿಚ್ಚಬೇಕು. ಹೆಚ್ಚುವರಿ ವಾಲ್ವ್ ಒಂದು ತಗೊಂಡಿರಿ. ಹೋಲ್ಡಿಂಗ್ ಟ್ಯಾಂಕ್ (ಟಾಯ್ಲೆಟ್ಟಿನದು ಕೂಡಿಡೋ ಟ್ಯಾಂಕು) 60 ಲೀಟರ್ ಇದ್ರೆ, ಆರು ಜನ ದಿನಕ್ಕೆ ಐದು ಸಲ, ಒಂದು ಸಲಕ್ಕೆ ಎರಡೂವರೆ ಲೀಟರ್, 75 ಆಯ್ತು, ಅಂದ್ರೆ ಒಂದು ದಿನಕ್ಕೂ ಸಾಲಲ್ಲ. ಮೊದಲೇ ಖಾಲಿ ಮಾಡ್ಕೊಂಡಿರಿ, ಮಕ್ಕಳು ಈಜೋ ಲಂಗರು ಜಾಗದಲ್ಲಿ ಯಾವತ್ತೂ ಬಿಡಬೇಡಿ.

ಚಿಕ್ಕಪ್ಪಾ, ಇದು ನಿಮಗೆ. ಇನ್ಸುಲಿನ್ ದೋಣಿಯ ಫ್ರಿಜ್‌ನಲ್ಲಿ ತಣ್ಣನೆ ಪ್ಲೇಟಿಗೆ ಒರಗಿಸಿ ಇಡಬೇಡಿ. ಅಲ್ಲಿ ಹೆಪ್ಪುಗಟ್ಟುತ್ತೆ, ಒಂದು ಸಲ ಗಟ್ಟಿಯಾದದ್ದು ಕರಗಿದ್ರೂ ಉಪಯೋಗಕ್ಕೆ ಬರಲ್ಲ. ಟವೆಲ್ ಸುತ್ತಿ ಡಬ್ಬೀಲಿ ಹಾಕಿ, 2ರಿಂದ 8 ಡಿಗ್ರಿ ಇರೋ ಜಾಗಕ್ಕೆ ಥರ್ಮಾಮೀಟರ್ ಇಟ್ಟು ನೋಡಿ. ಮಾತ್ರೆಗಳನ್ನ ಎರಡು ಪಾಲು ತನ್ನಿ, ಒಂದು ಪಾಲು ಕೈಚೀಲದಲ್ಲಿ, ಜೊತೆಗೆ ಡಾಕ್ಟರ್ ಚೀಟಿ. ಬಿಪಿಗೆ ನೀರಿಳಿಸೋ ಮಾತ್ರೆ ಇದ್ರೆ, ಅಷ್ಟು ಬೆವರೋ ಊರಲ್ಲಿ ಹೇಗೆ ತಗೊಳ್ಳಬೇಕು ಅಂತ ಡಾಕ್ಟರನ್ನ ಕೇಳಿ. ರಾತ್ರಿ ಸಿಪ್ಯಾಪ್ (ನಿದ್ದೇಲಿ ಉಸಿರಾಟಕ್ಕೆ ಗಾಳಿ ಒತ್ತೋ ಯಂತ್ರ) ಹಾಕ್ಕೋತೀರಲ್ಲ, ಅದರ ನೀರಿನ ಡಬ್ಬಿ ಮತ್ತು ಬಿಸಿ ಪೈಪ್ ಬಂದ್ ಮಾಡಿ 12 ವೋಲ್ಟ್ ಅಡಾಪ್ಟರ್ ತನ್ನಿ, ಆಗ ದೋಣಿ ಬ್ಯಾಟರೀಲಿ ರಾತ್ರಿಗೆ ಸುಮಾರು 20 ಆಂಪಿಯರ್ ಅವರ್‌ನಲ್ಲಿ ಮುಗಿಯುತ್ತೆ.

ವಾಂತಿ ಮಾತ್ರೆ ತಲೆ ಸುತ್ತಿದ ಮೇಲೆ ನುಂಗಿದ್ರೆ ಹೊಟ್ಟೇಲಿ ನಿಲ್ಲಲ್ಲ. ಅವೊಮಿನ್ನೋ ಸ್ಟುಜೆರಾನ್ನೋ, ಹೊರಡೋಕೆ ಎರಡು ಗಂಟೆ ಮುಂಚೆ. ಎರಡೂ ನಿದ್ದೆ ತರಿಸುತ್ತೆ. ಪ್ರಾಸ್ಟೇಟ್ ಅಥವಾ ಗ್ಲಾಕೋಮಾ ಇರೋರು ಡಾಕ್ಟರ್ ಕೇಳದೆ ಅವೊಮಿನ್ ಮುಟ್ಟಬೇಡಿ, ಮಗುವಿನ ಪ್ರಮಾಣ ಮಕ್ಕಳ ಡಾಕ್ಟರೇ ಹೇಳಲಿ. ಓಡುವಾಗ ಯಾರೂ ಕೆಳಗೆ ಕೂತು ಮೊಬೈಲ್ ನೋಡಬಾರದು, ಕಾಕ್‌ಪಿಟ್‌ನಲ್ಲಿ (ಚುಕ್ಕಾಣಿ ಇರೋ, ಮೇಲಿನ ಕೂರೋ ಜಾಗ) ದಿಗಂತ ನೋಡ್ತಾ ಕೂರಬೇಕು. ಮುಖ ಬಿಳಿಚಿಕೊಂಡವರ ಕೈಗೆ ಚುಕ್ಕಾಣಿ ಕೊಡು, ತುಂಬಾ ಜನಕ್ಕೆ ಅದರಿಂದಲೇ ಸರಿಹೋಗುತ್ತೆ.

ಬಟ್ಟೆ. ಚಿಕ್ಕಮ್ಮಾ, ಓಡೋ ದೋಣೀಲಿ ಸೀರೆ, ಉದ್ದ ನೈಟಿ, ದುಪಟ್ಟಾ ಬೇಡ. ಸೆರಗು ವಿಂಚ್‌ಗೆ (ಹಗ್ಗ ಸುತ್ತಿ ಎಳೆಯೋ ಉರುಳೆ) ಸುತ್ತಿಕೊಂಡ್ರೆ ಹಗ್ಗದ ಜೊತೆ ನಿಮ್ಮನ್ನೂ ಎಳೆಯುತ್ತೆ. ಗಿಡ್ಡ ಕುರ್ತಾ, ಪ್ಯಾಂಟು ತನ್ನಿ. ಒಂದು ಸೀರೆ ದಡಕ್ಕೆ ಇರಲಿ. ಏಣಿ ಇಳಿಯುವಾಗ ಯಾವಾಗಲೂ ಏಣಿಗೆ ಮುಖ ಮಾಡಿ. ದಡಕ್ಕೆ ಹೋಗೋ ಪುಟ್ಟ ದೋಣಿ ಡಿಂಗಿಗೆ ಇಳಿಯುವಾಗ ಕೈಯಲ್ಲಿ ಚೀಲ ಬೇಡ, ಕಾಲು ನಡುಮಧ್ಯಕ್ಕೆ, ತಕ್ಷಣ ಕೂತ್ಕೊಳ್ಳಿ, ಒಬ್ಬರು ಕೂತ ಮೇಲೇ ಇನ್ನೊಬ್ಬರು. ಆರು ಜನ ಒಂದೇ ಸಲ ಹತ್ತಬೇಡಿ, ಎರಡು ಸರ್ತಿ ಹೋಗಿ. ಅಲೆ ಇದ್ದ ದಿನ ಅಲ್ಲಿನ ಲಾಂಗ್‌ಟೇಲ್ ಅನ್ನೋ ಮೋಟಾರು ದೋಣಿಯವನನ್ನ ಕರೆಸಿ, ಆ ದುಡ್ಡು ದಂಡ ಅಲ್ಲ.

ಮಗುವಿಗೆ ಗಾಳಿ ತುಂಬೋ ಜಾಕೆಟ್ ಬೇಡ, ಫೋಮ್‌ನದು, ತೊಡೆ ಸಂದಿಯ ಪಟ್ಟಿ ಇರೋದೇ ಆಗಬೇಕು, ಇಲ್ಲದಿದ್ರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ಮಗು ಕೆಳಗೆ ಜಾರುತ್ತೆ. ಕಾಕ್‌ಪಿಟ್ ಬಿಟ್ಟು ಡೆಕ್ ಮೇಲೆ ಕಾಲಿಟ್ರೆ ಜಾಕೆಟ್, ಲಂಗರು ಹಾಕಿದ್ರೂ ಸರಿ. ಪಕ್ಕದ ತಂತಿಗೆ ಬಲೆ ಕಟ್ಟಿಬಿಡಿ. ನಿನ್ನ ನಾದಿನಿಗೆ ಹೇಳು, ಅಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರೋ ಸನ್‌ಸ್ಕ್ರೀನ್ 2021ರಿಂದ ನಿಷೇಧ, ಜಿಂಕ್ ಆಕ್ಸೈಡ್‌ನದು ತರಲಿ. ಡೆಕ್ ಮೇಲೆ ಒಂದು ಲೀಟರ್ ವಿನೆಗರ್ ಕೈಗೆ ಸಿಗೋ ಹಾಗೆ ಇರಲಿ. ಅಲ್ಲಿ ಬಾಕ್ಸ್ ಜೆಲ್ಲಿಫಿಶ್ ಇದೆ. ಕುಟುಕಿದ್ರೆ ಉಜ್ಜಬಾರದು, ಸಿಹಿನೀರು ಹಾಕಬಾರದು, ವಿನೆಗರ್ ಅರ್ಧ ನಿಮಿಷ ಸುರಿಯಬೇಕು. ಉಸಿರು ಕಟ್ಟಿದ್ರೆ ಅಲ್ಲಿನ ಆಂಬುಲೆನ್ಸ್ ನಂಬರು 1669ಕ್ಕೆ ಫೋನು.

ಅಡುಗೆ ಸುಲಭ. ಕುಕ್ಕರ್ ಮುಚ್ಚಳ ಬಿಗಿಯಾಗಿರೋದ್ರಿಂದ ವಾಲಿದ್ರೂ ಚೆಲ್ಲಲ್ಲ. ಓಡೋ ದಿನ ಗೊಜ್ಜವಲಕ್ಕಿ, ಮೊಸರನ್ನ, ಚಟ್ನಿಪುಡಿ. ಇಡ್ಲಿ ದೋಸೆ ಲಂಗರು ಹಾಕಿದ ದಿನ. ರಟ್ಟಿನ ಪೆಟ್ಟಿಗೆ ದೋಣಿ ಹತ್ತಿಸಬೇಡ, ಜಿರಳೆ ಮೊಟ್ಟೆ ಅದರ ಮಡಿಕೇಲಿ ಬರುತ್ತೆ. ದಡದಲ್ಲಿ ಊಟ ಮಾಡುವಾಗ ಬರೀ ತರಕಾರಿ ಅಂದ್ರೆ ಸಾಲದು, ಮೀನಿನ ಸಾಸು ಎಲ್ಲದಕ್ಕೂ ಬೀಳುತ್ತೆ. "ಜೇ" ಅಂತ ಕೇಳಿ, ಹಳದಿ ಮೇಲೆ ಕೆಂಪು ಅಕ್ಷರದ ಬಾವುಟ ಇರೋ ಅಂಗಡಿ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಇರಲ್ಲ. ಚಿಕ್ಕಮ್ಮ ಅಡುಗೆಮನೆಗೆ ಇಳಿದೇ ಇಳೀತಾರೆ, ಬೇಡ ಅನ್ನಬೇಡ, ಆದ್ರೆ ಗ್ಯಾಸಿನ ವಿಷಯ ಮೊದಲು ಹೇಳಿಕೊಡು. ಗ್ಯಾಸು ಗಾಳಿಗಿಂತ ಭಾರ, ಸೋರಿದ್ದು ಮನೇಲಿ ಹಾಗೆ ಕಿಟಕೀಲಿ ಹೋಗಲ್ಲ, ದೋಣಿಯ ತಳದಲ್ಲಿ ಕೂರುತ್ತೆ, ಒಂದು ಸ್ವಿಚ್ಚಿನ ಕಿಡಿ ಸಾಕು. ಒಲೆ ಆರಿಸೋದಲ್ಲ, ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದಿದ್ದು ಉರಿದು ಆರಿದ ಮೇಲೆ ಒಲೆಯ ತಿರುವು ಬಂದ್. ಪ್ರತಿ ಸಲ.

ಸಾಮಾನು ಮೆತ್ತನೆ ಬ್ಯಾಗಲ್ಲೇ ಬರಬೇಕು. ಗಟ್ಟಿ ಸೂಟ್‌ಕೇಸ್ ಇಡೋ ಜಾಗ ಯಾವ ದೋಣೀಲೂ ಇಲ್ಲ, ಹತ್ತು ದಿನ ಯಾರದೋ ಮಂಚದ ಮೇಲೆ ಮಲಗುತ್ತೆ. ಇನ್ನೊಂದು, ಚಿಕ್ಕಪ್ಪ ಊಟದ ಸಾಮಾನಿಗೆ ದುಡ್ಡು ಕೊಟ್ಟೇ ಕೊಡ್ತಾರೆ, ಅದು ಮನೆಯೊಳಗಿನ ವಿಚಾರ. ವಿದೇಶಿ ದೋಣೀಲಿ ಪರವಾನಗಿ ಇಲ್ಲದೆ ಬಾಡಿಗೆಗೆ ಜನ ಹತ್ತಿಸೋದು ಅಲ್ಲಿ ತಪ್ಪು, ಹಾಗಾಗಿ ಯಾರಾದ್ರೂ ಕೇಳಿದ್ರೆ ಎಲ್ಲರೂ ಇರೋದನ್ನೇ ಹೇಳಿ: ಅಪ್ಪ ಅಮ್ಮ, ನಾದಿನಿ.

ನಿಮ್ಮ ಟ್ಯಾಂಕ್ ಎಷ್ಟು ಲೀಟರ್, ಟಾಯ್ಲೆಟ್ ಒಂದೋ ಎರಡೋ, ಬ್ಯಾಟರಿ ಎಷ್ಟು ಆಂಪಿಯರ್ ಅವರ್ ಅಂತ ಗ್ರೂಪ್‌ಗೆ ಹಾಕು. ಚಿಕ್ಕಪ್ಪಾ, ನಿಮ್ಮ ಮಾತ್ರೆ ಚೀಟಿ ಫೋಟೋ ತಂಗಿಗೆ ಮಾತ್ರ ಕಳಿಸಿ, ಗ್ರೂಪ್‌ಗೆ ಬೇಡ. ಪಂಚಾಂಗ ನೋಡಿ ದಿನಕ್ಕೊಂದು ಜಾಗ ಹೊಂದಿಸಿ ನಾಳೆ ಬೇರೆ ಮೆಸೇಜ್ ಹಾಕ್ತೀನಿ.